ಸ್ಕಾಟ್ಲೆಂಡಿನ ಚೌಕಳಿ ಕಂಬಳಿ ಯಾವ ಕುಲದ್ದು?

ಪ್ರಶ್ನೆ: ಎಡಿನ್‌ಬರೋಗೆ ಹೋಗಿದ್ದ ಮಗಳು ಉಣ್ಣೆಯ ಟಾರ್ಟನ್, ಅಂದರೆ ಬಣ್ಣದ ಚೌಕಳಿಯ, ಕಂಬಳಿಯೊಂದನ್ನು ತಂದಿದ್ದಾಳೆ. ಚೀಟಿಯ ಮೇಲೆ ‘ಮೆಕೆಂಜಿ’ ಎಂದಿದೆ. ಆ ಬಣ್ಣದ ಚೌಕಳಿ ಮೆಕೆಂಜಿ ಕುಲದವರ ಸಾವಿರಾರು ವರ್ಷಗಳ ಗುರುತಂತೆ. ಯುದ್ಧದಲ್ಲಿ ಅದನ್ನು ನೋಡಿಯೇ ತಮ್ಮವರು ಯಾರು, ಶತ್ರುಗಳು ಯಾರು ಎಂದು ತಿಳಿಯುತ್ತಿದ್ದರಂತೆ. ಆ ಕುಲಕ್ಕೆ ಸೇರದ ನಾವು ಅದನ್ನು ಹೊದೆಯಬಹುದೆ?

ಉತ್ತರ: ಧಾರಾಳವಾಗಿ ಹೊದೆಯಬಹುದು. ವಿದೇಶಕ್ಕೆ ಹೋದವರು ಮರಳುವ ಹೊತ್ತಿಗೆ ಹೆಸರು ಮಾತ್ರ ಬದಲಾಗಿ ಇದೇ ಪ್ರಶ್ನೆ ಬರುತ್ತದೆ: ಒಮ್ಮೆ ಕ್ಯಾಂಬೆಲ್, ಒಮ್ಮೆ ಸ್ಟುವರ್ಟ್, ಈ ಸಲ ಮೆಕೆಂಜಿ. ಯಾವ ಟಾರ್ಟನ್ನನ್ನು ಯಾರು ಹೊದೆಯಬೇಕೆಂದು ವಿಧಿಸುವ ಕಾನೂನು ಸ್ಕಾಟ್ಲೆಂಡಿನಲ್ಲಿಲ್ಲ. ರಾಜಮನೆತನದ ಬ್ಯಾಲ್ಮೋರಲ್ ಟಾರ್ಟನ್ನಿನಂಥ ಬೆರಳೆಣಿಕೆಯ ಕೆಲವನ್ನು ಮಾತ್ರ ಸಂಪ್ರದಾಯದ ಗೌರವದಿಂದ ಇತರರು ಬಳಸುವುದಿಲ್ಲ.

ಆದರೆ ಪ್ರಶ್ನೆಯೊಳಗೆ ಅಡಗಿ ಕುಳಿತಿರುವ ಆ ‘ಸಾವಿರಾರು ವರ್ಷಗಳ ಗುರುತ’ನ್ನು ಅಷ್ಟು ಸುಲಭವಾಗಿ ಬಿಡಲು ನಾನು ಸಿದ್ಧನಿಲ್ಲ. ಇದರಲ್ಲಿ ನಮ್ಮ ಅನುವಾದದ ತಪ್ಪೂ ಇದೆ. ಕ್ಲಾನ್ ಎಂಬುದನ್ನು ನಾವು ಕುಲವೆಂದು ಕರೆದೆವು. ಕುಲವೆಂದ ಮೇಲೆ ಗೋತ್ರ, ಬೆಡಗು, ಬಳಿಗಳಂತೆ ಹುಟ್ಟಿನಿಂದಲೇ ಬಂದ ಗುರುತೊಂದು ಇರಲೇಬೇಕೆಂದು ಮನಸ್ಸು ತಾನಾಗಿ ಊಹಿಸಿಕೊಂಡಿತು. ಹೈಲ್ಯಾಂಡಿನ, ಅಂದರೆ ಸ್ಕಾಟ್ಲೆಂಡಿನ ಉತ್ತರದ ಗುಡ್ಡಸೀಮೆಯ, ಕ್ಲಾನ್ ಎಂಬುದು ಒಬ್ಬ ಮುಖಂಡನ ನೆಲವನ್ನೂ ರಕ್ಷಣೆಯನ್ನೂ ಆಶ್ರಯಿಸಿ, ಎಷ್ಟೋ ಸಲ ಅವನ ಹೆಸರನ್ನೇ ಇಟ್ಟುಕೊಂಡವರ ಕೂಟ. ಅದರಲ್ಲಿ ರಕ್ತಸಂಬಂಧಿಗಳೂ ಇದ್ದರು, ಗೇಣಿದಾರರೂ ಇದ್ದರು.

ಯುದ್ಧದ ಮಾತನ್ನೇ ಮೊದಲು ತೆಗೆದುಕೊಳ್ಳೋಣ. 1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ ಪದಚ್ಯುತ ಸ್ಟುವರ್ಟ್ ರಾಜವಂಶದ ಪರವಾಗಿ ಎದ್ದ ಜಾಕೊಬೈಟ್ ಬಂಡಾಯಗಾರರೂ ಸರ್ಕಾರದ ಸೈನ್ಯವೂ ಎದುರಾದಾಗ ಹೈಲ್ಯಾಂಡಿನವರು ಎರಡೂ ಕಡೆ ಇದ್ದರು. ಜಾಕೊಬೈಟರು ಗುರುತಿಗೆಂದು ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದುದು ಬಿಳಿಯ ರಿಬ್ಬನ್ನಿನ ಹೂವನ್ನು. ಮೈಮೇಲಿನ ಚೌಕಳಿಯೇ ಗುರುತಾಗಿದ್ದರೆ ಆ ಹೂವಿನ ಗರಜೇನಿತ್ತು? ಅದೇ ಕಾಳಗದ ಬಗ್ಗೆ ಡೇವಿಡ್ ಮೋರಿಯರ್ ಬರೆದ ಪ್ರಸಿದ್ಧ ವರ್ಣಚಿತ್ರವನ್ನು ನೋಡಿದರೆ, ಒಬ್ಬನೇ ಯೋಧನ ಮೈಮೇಲೆ ಕೋಟಿನ ಮೇಲೊಂದು ಚೌಕಳಿ, ಕಾಲುಚೀಲದ ಮೇಲೆ ಇನ್ನೊಂದು. ಗ್ರಾಂಟ್ ಮನೆತನದ ಯಜಮಾನ ತನ್ನ ಜನ ಕೆಂಪು-ಹಸಿರು ಟಾರ್ಟನ್ ತೊಟ್ಟು ಬರಬೇಕೆಂದು 1704ರಲ್ಲಿ ಅಪ್ಪಣೆ ಮಾಡಿದ್ದುಂಟು. ಆದರೆ ಕೆಲವೇ ವರ್ಷಗಳ ನಂತರ ರಿಚರ್ಡ್ ವೇಟ್ ಬರೆದ ಅದೇ ಗ್ರಾಂಟರ ಭಾವಚಿತ್ರಗಳಲ್ಲಿ ಟಾರ್ಟನ್‌ಗಳು ಒಂದರಂತೆ ಒಂದಿಲ್ಲ. 1703ರಲ್ಲಿ ಪಶ್ಚಿಮದ ದ್ವೀಪಗಳ ಬಗ್ಗೆ ಬರೆದ ಮಾರ್ಟಿನ್ ಮಾರ್ಟಿನ್, ಹೊದಿಕೆಯನ್ನು ನೋಡಿ ಆಸಾಮಿ ಯಾವ ಸೀಮೆಯವನೆಂದು ಹೇಳಬಹುದೆಂದ. ಯಾವ ಕ್ಲಾನಿನವನೆಂದು ಹೇಳಬಹುದೆನ್ನಲಿಲ್ಲ. ಅದು ಸಹಜವೇ ಆಗಿತ್ತು, ಏಕೆಂದರೆ ಊರಿನ ನೇಕಾರನಿಗೆ ಕೈಹಿಡಿದ ವಿನ್ಯಾಸವನ್ನು ಊರವರೆಲ್ಲ ಹೊದೆಯುತ್ತಿದ್ದರು.

ಹಾಗಾದರೆ ಹೆಸರುಗಳು ಎಲ್ಲಿಂದ ಬಂದವು? ಬಹುಪಾಲು ಅಂಗಡಿಯ ಲೆಕ್ಕದ ಪುಸ್ತಕದಿಂದ. ಕಲೋಡನ್ ಸೋಲಿನ ನಂತರ ಹೈಲ್ಯಾಂಡಿನ ಗಂಡಸರ ಉಡುಪನ್ನು ನಿಷೇಧಿಸಿದ ಕಾನೂನು 1747ರಿಂದ 1782ರವರೆಗೆ ಜಾರಿಯಲ್ಲಿತ್ತು. ಹೆಂಗಸರಿಗೆ ಅದು ಅನ್ವಯಿಸಲಿಲ್ಲ, ಸರ್ಕಾರದ ಸೈನಿಕರಿಗೆ ವಿನಾಯಿತಿಯಿತ್ತು. ಆ ಸೈನ್ಯಕ್ಕೆ ಟಾರ್ಟನ್ ಒದಗಿಸುತ್ತಲೇ ಬೆಳೆದದ್ದು ಬ್ಯಾನಕ್‌ಬರ್ನ್ ಊರಿನ ವಿಲ್ಸನ್ ಕಂಪನಿ. ಅವರ ವಿನ್ಯಾಸಗಳಿಗೆ ಮೊದಲು ಬರಿಯ ಸಂಖ್ಯೆಗಳಿದ್ದವು, ಆಮೇಲೆ ಊರಿನ ಅಥವಾ ಗಿರಾಕಿಯ ಹೆಸರು ಬಂತು. ಮ್ಯಾಕ್‌ಫರ್ಸನ್ ಟಾರ್ಟನ್ ಎಂದು ಇಂದು ಮಾರಾಟವಾಗುವ ಬಟ್ಟೆ ಅವರ ಪುಸ್ತಕದಲ್ಲಿ ಮೊದಲು ಬರಿಯ ಅಂಕಿಯಾಗಿತ್ತು, ನಂತರ ‘ಕಿಡ್’ ಆಗಿತ್ತು. 1815ರಲ್ಲಿ ಲಂಡನ್ನಿನ ಹೈಲ್ಯಾಂಡ್ ಸೊಸೈಟಿ ತಮ್ಮ ತಮ್ಮ ಟಾರ್ಟನ್ನಿನ ತುಣುಕನ್ನು ಮುದ್ರೆಯೊತ್ತಿ ಕಳುಹಿಸಿರೆಂದು ಕ್ಲಾನ್ ಮುಖಂಡರನ್ನು ಕೇಳಿದಾಗ, ಲಾರ್ಡ್ ಮ್ಯಾಕ್‌ಡೊನಾಲ್ಡ್ ತನ್ನ ಟಾರ್ಟನ್ ಯಾವುದೆಂದು ತನಗೇ ಗೊತ್ತಿಲ್ಲ, ದಯವಿಟ್ಟು ನೀವೇ ಹುಡುಕಿಕೊಡಿ ಎಂದು ಬರೆದ. ಸಾವಿರ ವರ್ಷದ ಗುರುತನ್ನು ಮುಖಂಡನೇ ಮರೆಯುವುದುಂಟೆ?

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. 1822ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಎಲ್ಲರಿಗೂ ಟಾರ್ಟನ್ ತೊಡಿಸಿದ, ಬೇಡಿಕೆ ಉಕ್ಕಿತು. 1842ರಲ್ಲಿ ತಾವು ಸ್ಟುವರ್ಟ್ ರಾಜವಂಶದವರೆಂದು ಹೇಳಿಕೊಂಡ ಇಬ್ಬರು ಸಹೋದರರು, ಯಾರ ಕಣ್ಣಿಗೂ ಬೀಳದ ಪ್ರಾಚೀನ ಹಸ್ತಪ್ರತಿಯೊಂದರ ಹೆಸರಿನಲ್ಲಿ ‘ವೆಸ್ಟಿಯಾರಿಯಮ್ ಸ್ಕೋಟಿಕಮ್’ ಪ್ರಕಟಿಸಿ, ಹೈಲ್ಯಾಂಡಿನ ಗಾಳಿಯೂ ಸೋಕದ ಮನೆತನಗಳಿಗೆಲ್ಲ ಟಾರ್ಟನ್ ಹಂಚಿದರು. ಆ ಕಟ್ಟುಕತೆಯ ಚೌಕಳಿಗಳಲ್ಲಿ ಹಲವು ಇಂದಿಗೂ ಮಗ್ಗದ ಮೇಲಿವೆ.

ನಿಮ್ಮ ಮೆಕೆಂಜಿಯ ಹುಟ್ಟೂ ಸೈನ್ಯದಲ್ಲೇ. ನೀಲಿ, ಕಪ್ಪು, ಹಸಿರಿನ ಸರ್ಕಾರಿ ಟಾರ್ಟನ್ನಿಗೆ, ಅಂದರೆ ಬ್ಲ್ಯಾಕ್ ವಾಚ್‌ಗೆ, ಬಿಳಿ ಮತ್ತು ಕೆಂಪು ಗೆರೆ ಸೇರಿಸಿದರೆ ಅದೇ ಮೆಕೆಂಜಿ. ಅದು ಲಾರ್ಡ್ ಮ್ಯಾಕ್ಲೌಡ್ ಎನಿಸಿಕೊಂಡಿದ್ದ ಜಾನ್ ಮೆಕೆಂಜಿ ಕಟ್ಟಿದ 73ನೆಯ ಹೈಲ್ಯಾಂಡ್ ರೆಜಿಮೆಂಟಿನದು. ಆ ರೆಜಿಮೆಂಟ್ 1780ರಲ್ಲಿ ಮದರಾಸಿಗೆ ಬಂದಿಳಿಯಿತು. ಅದೇ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಹೈದರಾಲಿಯ ಸೈನ್ಯಕ್ಕೆ ಸಿಕ್ಕಿಬಿದ್ದ ಅದರ ಕ್ಯಾಪ್ಟನ್ ಡೇವಿಡ್ ಬೇರ್ಡ್ 1784ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ. 1799ರ ಮೇ 4ರಂದು ಆ ಕೋಟೆಗೆ ನುಗ್ಗಿದ ಪಡೆಯನ್ನು ನಡೆಸಿದವನೂ ಅವನೇ. ಹೀಗೆ ನೋಡಿದರೆ ನಿಮ್ಮ ಕಂಬಳಿಯ ಹೆಸರಿಗೆ ನಮ್ಮ ನೆಲದ ನಂಟೂ ಇದೆ.

ನೀವು ಕೇಳದಿದ್ದರೂ ಒಂದು ಮಾತು. ಚೀಟಿಯನ್ನು ಬದಿಗಿಟ್ಟು ಕಂಬಳಿಯನ್ನು ಕಣ್ಣ ಹತ್ತಿರ ತನ್ನಿ. ಹಾಸಿನಲ್ಲಿರುವ, ಅಂದರೆ ಉದ್ದದ ನೂಲಿನಲ್ಲಿರುವ, ಬಣ್ಣಗಳ ಸರಣಿಯೇ ಹೊಕ್ಕಿನಲ್ಲೂ, ಅಂದರೆ ಅಡ್ಡ ನೂಲಿನಲ್ಲೂ, ಇರುತ್ತದೆ. ಎರಡು ಎಳೆಯ ಮೇಲೆ, ಎರಡು ಎಳೆಯ ಕೆಳಗೆ ಹಾಯುವ ನೂಲು ಪ್ರತಿ ಸಾಲಿಗೂ ಒಂದೊಂದು ಎಳೆ ಸರಿಯುವುದರಿಂದ ಓರೆಗೆರೆಗಳು ಮೂಡುತ್ತವೆ. ಒಂದೇ ಬಣ್ಣ ಕೂಡಿದಲ್ಲಿ ಅಚ್ಚ ಬಣ್ಣ, ಬೇರೆ ಬಣ್ಣಗಳು ಕೂಡಿದಲ್ಲಿ ಮಿಶ್ರ. ಆರು ಬಣ್ಣದ ನೂಲಿದ್ದರೆ ಕಣ್ಣಿಗೆ ಕಾಣುವುದು 21 ಬಣ್ಣ. ನೇಕಾರನ ಜಾಣ್ಮೆ ಇರುವುದು ಇಲ್ಲಿ, ಮತ್ತು ಇದರ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲವೆಂಬುದು ನನ್ನ ಹಳೆಯ ಕೊರಗು.

ಇನ್ನು ಅದು ನಿಜವಾಗಿ ಉಣ್ಣೆಯೇ ಎಂಬುದು. ಅಂಚಿನ ಕುಚ್ಚಿನಿಂದ ಒಂದು ಎಳೆಯನ್ನು ಕಿತ್ತು, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಿನಲ್ಲಿ ಒತ್ತಿದರೆ ಪುಡಿಯಾಗುವ ಬೂದಿ ಉಳಿದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್‌ನಂಥ ಕೃತಕ ನೂಲು. ಆಗ ಅದಕ್ಕೆ ಕುಲವಷ್ಟೇ ಅಲ್ಲ, ಕುರಿಯೂ ಇಲ್ಲ. ಉಣ್ಣೆಯೇ ಆಗಿದ್ದರೆ ಬಿಸಿನೀರಿಗೆ ಹಾಕಬೇಡಿ, ಹಿಂಡಬೇಡಿ, ನೆರಳಿನಲ್ಲಿ ಹರವಿ ಒಣಗಿಸಿ. ನುಸಿ ಹಿಡಿಯದಂತೆ ಮಳೆಗಾಲ ಮುಗಿದೊಡನೆ ಒಮ್ಮೆ ಬಿಡಿಸಿ ಕೊಡವಿಡಿ.