ಮಧ್ಯಾಹ್ನ ನಿಲ್ಲುವ ಲಿಫ್ಟ್: ಮೆಷಿನ್ ರೂಮಿಗೆ ಫ್ಯಾನ್ ಸಾಕೇ, ಎಸಿ ಬೇಕೇ?

ಪ್ರಶ್ನೆ: ಕಲಬುರಗಿಯಾಗ ನಮ್ದು ಐದು ಅಂತಸ್ತಿನ ಅಪಾರ್ಟ್‌ಮೆಂಟ್. ಎಪ್ರಿಲ್ ಬಂತಂದ್ರ ಮಧ್ಯಾಹ್ನ ನಾಲ್ಕರ ಹೊತ್ತಿಗಿ ಲಿಫ್ಟ್ ನಿಂತೇ ಬಿಡ್ತದ, ರಾತ್ರಿ ತಾನೇ ಸರಿ ಹೋಗ್ತದ. ಮ್ಯಾಲಿನ ಮೆಷಿನ್ ರೂಮಿಗಿ ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿದ್ರ ಸಾಲದೇನ್ರಿ? ಎಸಿನೇ ಬೇಕೇನು?

ಉತ್ತರ: ಮಾರ್ಚ್‌ವರೆಗೆ ಫ್ಯಾನ್ ಸಾಕು. ಎಪ್ರಿಲ್, ಮೇ ಮಧ್ಯಾಹ್ನಗಳಿಗೆ ಸಾಲದು. ಫ್ಯಾನ್ ಮಾಡುವುದು ಒಳಗಿನ ಗಾಳಿಯನ್ನು ತಳ್ಳಿ ಹೊರಗಿನದನ್ನು ಎಳೆದುಕೊಳ್ಳುವ ಕೆಲಸ ಮಾತ್ರ. ಹೊರಗೇ 43 ಡಿಗ್ರಿ ಝಳ ಇರುವಾಗ ರೂಮು ಅದಕ್ಕಿಂತ ತಣ್ಣಗಾಗುವ ಮಾತೇ ಇಲ್ಲ. ಲಿಫ್ಟ್ ತಯಾರಕರು ಮೆಷಿನ್ ರೂಮಿಗೆ ಸಾಮಾನ್ಯವಾಗಿ ಹೇಳುವ ಮಿತಿ 5ರಿಂದ 40 ಡಿಗ್ರಿ.

ಆದರೆ ದುಡ್ಡು ಖರ್ಚು ಮಾಡುವ ಮೊದಲು ಲಿಫ್ಟ್ ನಿಂತ ಗಳಿಗೆಯಲ್ಲಿ ಡ್ರೈವ್‌ನ (ಮೋಟರ್ ವೇಗ ನಿಯಂತ್ರಿಸುವ ಪೆಟ್ಟಿಗೆ) ಪರದೆ ಏನು ತೋರಿಸುತ್ತಿದೆ ಎಂದು ಟೆಕ್ನೀಶಿಯನ್‌ರಿಂದ ನೋಡಿಸಿ. ಅನೇಕ ಡ್ರೈವ್‌ಗಳಲ್ಲಿ ‘ಓಎಚ್’ ಎಂದರೆ ಅತಿ ಬಿಸಿ, ‘ಯುವಿ’ ಎಂದರೆ ವೋಲ್ಟೇಜ್ ಇಳಿತ. ಊರೆಲ್ಲ ಎಸಿ ಹಚ್ಚಿದ ಹೊತ್ತಿನಲ್ಲಿ ವೋಲ್ಟೇಜ್ ಇಳಿದು ಲಿಫ್ಟ್ ನಿಂತರೂ ನಮಗೆ ಧಗೆಯ ಕಾಟದಂತೆಯೇ ಕಾಣುತ್ತದೆ. ಎರಡನೆಯದಾದರೆ ಎಸಿ ಹಾಕಿ ಏನೂ ಉಪಯೋಗವಿಲ್ಲ. ಜೊತೆಗೆ ಲಿಫ್ಟ್‌ನ ಕಂಟ್ರೋಲ್ ಪ್ಯಾನೆಲ್ ಗಾಳಿ ಎಳೆದುಕೊಳ್ಳುವ ಜಾಗದ ಹತ್ತಿರ ಒಂದು ಥರ್ಮಾಮೀಟರ್ ತೂಗುಹಾಕಿಸಿ, ಒಂದು ವಾರ ದಿನದ ಗರಿಷ್ಠ ಬರೆದಿಡಿ. ಗೋಡೆಗೆ ತಾಗಿಸಿದರೆ ಗೋಡೆಯ ಬಿಸಿ ತೋರಿಸುತ್ತದೆ, ಗಾಳಿಯದ್ದಲ್ಲ.

ಬಿಸಿ ಎರಡು ಕಡೆಯಿಂದ ಬರುತ್ತದೆ. ಒಂದು, ತಲೆಯ ಮೇಲಿನ ಸ್ಲ್ಯಾಬ್. ಬೆಳಿಗ್ಗೆಯಿಂದ ಕುಡಿದ ಬಿಸಿಲನ್ನು ಅದು ಕೆಲವು ಗಂಟೆ ತಡವಾಗಿ ಕೆಳಗೆ ಬಿಡುತ್ತದೆ. ಅದಕ್ಕೇ ನಿಮ್ಮ ಲಿಫ್ಟ್ ಹನ್ನೆರಡಕ್ಕಲ್ಲ, ನಾಲ್ಕಕ್ಕೆ ನಿಲ್ಲುತ್ತಿರಬಹುದು. ಇನ್ನೊಂದು, ಯಂತ್ರವೇ. ಲಿಫ್ಟ್‌ನ ಎದುರುತೂಕ ಖಾಲಿ ಕ್ಯಾಬಿನ್‌ಗಿಂತ ಭಾರ. ಆದ್ದರಿಂದ ಖಾಲಿ ಲಿಫ್ಟ್ ಮೇಲೇರುವಾಗ ಎದುರುತೂಕವೇ ಎಳೆಯುತ್ತದೆ, ಮೋಟರ್ ಜನರೇಟರ್ ಆಗುತ್ತದೆ. ಹಾಗೆ ಹುಟ್ಟಿದ ಕರೆಂಟನ್ನು ಬಹುತೇಕ ಲಿಫ್ಟ್‌ಗಳು ಬ್ರೇಕ್ ರೆಸಿಸ್ಟರ್ ಎಂಬ ಜಾಲರಿ ಪೆಟ್ಟಿಗೆಯಲ್ಲಿ ಸುಟ್ಟುಬಿಡುತ್ತವೆ. ಆ ಪೆಟ್ಟಿಗೆಯ ಮೇಲೆ ಹಳೆಯ ಬಟ್ಟೆ, ರಟ್ಟಿನ ಡಬ್ಬಿ ಇಡುವ ಪದ್ಧತಿ ಅಲ್ಲಲ್ಲಿ ಇದೆ. ಬೆಂಕಿಗೆ ಆಹ್ವಾನ ಕೊಟ್ಟಂತೆ.

ಟ್ರಿಪ್ ಆಗುವುದು ಸಣ್ಣ ನಷ್ಟ. ಡ್ರೈವ್ ಒಳಗೆ ವಿದ್ಯುತ್ ಹಿಡಿದಿಡುವ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಹೆಚ್ಚುಕಮ್ಮಿ ಅರ್ಧವಾಗುತ್ತದೆ. ಕರೆಂಟ್ ಹೋದಾಗ ಲಿಫ್ಟನ್ನು ಹತ್ತಿರದ ಅಂತಸ್ತಿಗೆ ಒಯ್ಯುವ ಎಆರ್‌ಡಿ ಬ್ಯಾಟರಿಯ ಗತಿಯೂ ಇದೇ. ಮೇ ತಿಂಗಳಲ್ಲಿ ಬೆಂದ ಬ್ಯಾಟರಿ ಕೈಕೊಡುವುದು ಜೂನ್ ಮಳೆಗೆ ಕರೆಂಟ್ ಹೋದಾಗ, ಒಳಗೆ ಜನ ಇದ್ದಾಗ.

ಮೊದಲು ಅಗ್ಗದ ಕೆಲಸ. ಫೆಬ್ರವರಿ ಕೊನೆಗೆ ಮೆಷಿನ್ ರೂಮಿನ ಮಾಳಿಗೆಗೆ ಸೋಸಿದ ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಎರಡು ಕೋಟ್ ಹೊಡೆಸಿ. ಮಳೆಗೆ ತೊಳೆದು ಹೋಗುತ್ತದೆ, ವರ್ಷವರ್ಷ ಬೇಕು. ಮೇಲೆ ಶಹಾಬಾದ್ ಫರ್ಶಿ ಹಾಸಿದ್ದರೆ ಅದರ ಮೇಲೂ ಬಿಳಿ ಬಳಿಸಿ, ಬಣ್ಣ ಗಾಢವಾದಷ್ಟೂ ಬಿಸಿಲು ಕುಡಿಯುತ್ತದೆ.

ಫ್ಯಾನ್ ಲೆಕ್ಕ: ಒಳಗೆ 1 ಕಿಲೋವ್ಯಾಟ್ ಶಾಖ ಹುಟ್ಟುತ್ತಿದ್ದು, ಒಳಗಿನ ಗಾಳಿ ಹೊರಗಿನದಕ್ಕಿಂತ 5 ಡಿಗ್ರಿ ಮೀರಬಾರದು ಎಂದರೆ ಗಂಟೆಗೆ ಸುಮಾರು 600 ಘನ ಮೀಟರ್ ಗಾಳಿ ಸಾಗಬೇಕು. 12 ಇಂಚಿನ ಎಕ್ಸಾಸ್ಟ್‌ಗೆ ಇದು ಕಷ್ಟವಲ್ಲ. ಕೆಡುವುದು ಬೇರೆ ಕಡೆ: ಗಾಳಿ ಒಳಬರಲು ದಾರಿಯೇ ಇರುವುದಿಲ್ಲ. ಆಗ ಫ್ಯಾನ್ ರೋಪ್ ಇಳಿಯುವ ತೂತುಗಳಿಂದ ಶಾಫ್ಟಿನ ಧೂಳನ್ನು ಮೇಲಕ್ಕೆಳೆಯುತ್ತದೆ. ಎದುರು ಗೋಡೆಯ ಕೆಳಭಾಗದಲ್ಲಿ ಪಾರಿವಾಳ ನುಗ್ಗದ ಜಾಲರಿಯ ಕಿಂಡಿ ಬಿಡಿಸಿ, ಫ್ಯಾನ್ ಮೇಲೆ ಇರಲಿ.

ಎಸಿಗೆ ಬಂದರೆ, 3 ಮೀಟರ್ ಉದ್ದ, 3 ಮೀಟರ್ ಅಗಲದ ರೂಮಿಗೆ, ಸುಣ್ಣ ಹೊಡೆದಿದ್ದರೆ, 1 ಟನ್ ಸಾಮಾನ್ಯವಾಗಿ ಸಾಕಾಗುತ್ತದೆ. 28-30 ಡಿಗ್ರಿಗೆ ಇಡಿ. 18ಕ್ಕೆ ಇಟ್ಟರೆ ಬಿಲ್ ಏರುತ್ತದೆ, ಮಳೆಗಾಲದಲ್ಲಿ ಪ್ಯಾನೆಲ್ ಬೆವರುತ್ತದೆ. ಒಳ ಯೂನಿಟ್ ಪ್ಯಾನೆಲ್ ಅಥವಾ ಮೋಟರ್ ನೆತ್ತಿಯ ಮೇಲೆ ಬರಲೇಕೂಡದು, ಡ್ರೈನ್ ಪೈಪ್ ಕಟ್ಟಿತೆಂದರೆ ನೀರು ನೇರ ಅಲ್ಲಿಗೇ. ಕರೆಂಟ್ ಹೋಗಿ ಬಂದಾಗ ತಾನೇ ಶುರುವಾಗುವ ಮಾದರಿಯನ್ನೇ ಕೊಳ್ಳಿ, ಕಾಮನ್ ಮೀಟರ್‌ನಿಂದ ಬೇರೆ ಎಂಸಿಬಿ ಹಾಕಿಸಿ. ಎಸಿ ಓಡುವಾಗ ಕಿಂಡಿ ಮುಚ್ಚಿರಬೇಕು. ಆದರೆ ಎಸಿ ಕೆಟ್ಟ ದಿನ ಮುಚ್ಚಿದ ರೂಮು ಭಟ್ಟಿಯಾಗುತ್ತದೆ. ಅದಕ್ಕೆ ತಾನೇ ತೆರೆಯುವ ಶಟರ್‌ಗಳನ್ನು ಹಾಕಿ, 38 ಡಿಗ್ರಿಗೆ ಫ್ಯಾನ್ ಹಚ್ಚುವ ಥರ್ಮೋಸ್ಟ್ಯಾಟ್ ಕೂರಿಸಿ.

ನೀರಿನ ಕೂಲರ್ ಬೇಡ. ನಮ್ಮ ಒಣ ಹವೆಯಲ್ಲಿ ಅದು ಮನೆಗೆ ಚಲೋ, ಪ್ಯಾನೆಲ್‌ಗೆ ಅಲ್ಲ. ತೇವದ ಗಾಳಿಗೆ ಎರೆಮಣ್ಣಿನ ಧೂಳು ಸೇರಿದರೆ ಸರ್ಕ್ಯೂಟ್ ಬೋರ್ಡ್ ಮೇಲೆ ಕರೆಂಟ್ ಹರಿಯುವ ಪದರವೇ ಕೂಡುತ್ತದೆ.

ಧೂಳು ಒಣಗಿದ್ದರೂ ತೊಂದರೆಯೇ. ಡ್ರೈವ್‌ನ ಬಿಸಿ ಹೊರಬಿಡುವ ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಅದು ಹತ್ತಿಯಂತೆ ಗಿಡಿದರೆ ರೂಮು 35 ಇದ್ದರೂ ಓಎಚ್ ಬರುತ್ತದೆ. ಮಾರ್ಚ್ ಸರ್ವಿಸ್‌ನಲ್ಲಿ ಬ್ಲೋವರ್ ಹಿಡಿಸಿ, ಡ್ರೈವ್‌ನ ಒಳ ಫ್ಯಾನ್ ತಿರುಗುತ್ತಿದೆಯೇ ನೋಡಿಸಿ. ಇದು ಟೆಕ್ನೀಶಿಯನ್ ಕೆಲಸ, ವಾಚ್‌ಮನ್‌ರದ್ದಲ್ಲ: ಮೇನ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ಗಳಲ್ಲಿ ಕೊಲ್ಲುವಷ್ಟು ವೋಲ್ಟೇಜ್ ಉಳಿದಿರುತ್ತದೆ, ಡ್ರೈವ್ ಮೇಲೆ ಬರೆದಷ್ಟು ನಿಮಿಷ ಕಾಯಲೇಬೇಕು. ಎಸಿ ಬರುವ ತನಕ ಗಾಳಿಯಾಡಲಿ ಎಂದು ಮೆಷಿನ್ ರೂಮಿನ ಬಾಗಿಲು ತೆಗೆದಿಡಬೇಡಿ. ಮಾಳಿಗೆಯಲ್ಲಿ ಹಪ್ಪಳ ಒಣಗಿಸುವವರ ಜೊತೆ ಬರುವ ಮಕ್ಕಳ ಕೈಗೆ ತಿರುಗುವ ಚಕ್ರ, ರೋಪ್ ಸಿಗಬಾರದು.