ಕನ್ವರ್ಟರ್ ಸುಡೋದು ಕನ್ವರ್ಟರ್ ತಪ್ಪಲ್ಲ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್ಲುಗಳಿಂದ ನನಗೆ ಬರುವ ಫೋನು ಹೆಚ್ಚೂಕಮ್ಮಿ ಒಂದೇ ಥರ ಇರುತ್ತದೆ. "ಸರ, ಗೇಟಿನ ಕಾಟಾದ ತೂಕ ಆಫೀಸಿಗೆ ಬರವಲ್ದು. ಕನ್ವರ್ಟರ್ ಮತ್ತ ಸುಟ್ಟೈತಿ. ಹೊಸಾದು ತಗೊಂಡು ಬರ್ರಿ." ಅದೂ ಸುಗ್ಗಿ ಹೊತ್ತಲ್ಲೇ. ಹೊರಗೆ ಭತ್ತದ ಲಾರಿ, ಟ್ರ್ಯಾಕ್ಟರ್ ಸಾಲುಗಟ್ಟಿ ನಿಂತಿರುತ್ತವೆ. ಒಳಗೆ ಗುಮಾಸ್ತರು ತೂಕದ ಚೀಟಿ ಕಾಯುತ್ತಾ, 75 ಕೆ.ಜಿ. ಚೀಲದ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಒತ್ತುತ್ತಿರುತ್ತಾರೆ.

ಕನ್ವರ್ಟರ್ ಅಂದರೆ ಕಾಟಾದಿಂದ ಬರುವ ಲೈನಿನ ಸಿಗ್ನಲ್ಲನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ಮಾಡಿಕೊಡುವ ಪುಟ್ಟ ಡಬ್ಬಿ. ಅದನ್ನು ಬದಲಿಸೋದು ಐದು ನಿಮಿಷದ ಕೆಲಸ. ಯಾಕೆ ಸುಟ್ಟಿತು ಅಂತ ಮಾತ್ರ ಯಾರೂ ಕೇಳಲ್ಲ.

ಬಾಡ್ ರೇಟು, ಪ್ಯಾರಿಟಿ, ಅಡ್ರೆಸ್ಸು ಅನ್ನೋ ಲೈನಿನ ಸೆಟಿಂಗುಗಳೆಲ್ಲ ನಿಮ್ಮ ಹುಡುಗರಿಗೇ ಗೊತ್ತು, ಬಿಡಿ. ಯಂತ್ರದಿಂದ ಯಂತ್ರಕ್ಕೆ ಡೇಟಾ ಕಳಿಸುವ ಆರ್‌ಎಸ್ 232 ಪದ್ಧತಿಯ ಲೈನು 15 ಮೀಟರ್ ದಾಟಿದರೆ ನೆಚ್ಚಿಕೊಳ್ಳಬಾರದು, ದೂರಕ್ಕೆ ಆರ್‌ಎಸ್ 485 ಹಾಕಬೇಕು ಅನ್ನೋದೂ ಈಗ ಎಲ್ಲರಿಗೂ ಗೊತ್ತು. ಗೇಟಿನ ಕಾಟಾ, ಡ್ರೈಯರ್ ಪ್ಯಾನೆಲ್, ಬಾಯ್ಲರ್ ಮೀಟರ್, ಆಫೀಸಿನ ಕಂಪ್ಯೂಟರ್ ಎಲ್ಲ ಒಂದೇ ಲೈನಿನ ಮೇಲೆ. "485ಕ್ಕೆ ಎರಡೇ ವೈರು ಸಾಕು, 1200 ಮೀಟರ್ ತನಕ ಎಳೀಬಹುದು" ಅಂತ ಯಾರೋ ಹೇಳಿರುತ್ತಾರೆ. 1200 ಮೀಟರ್ ಅನ್ನೋದು ಸರಿ. ಎರಡೇ ವೈರು ಅನ್ನೋದು ಅರ್ಧ ಸರಿ.

ಕನ್ವರ್ಟರಿನೊಳಗಿನ 485ರ ಚಿಪ್ಪು ನೋಡೋದು ಎ, ಬಿ ಅನ್ನೋ ಆ ಎರಡು ವೈರುಗಳ ನಡುವಿನ ವೋಲ್ಟೇಜ್ ವ್ಯತ್ಯಾಸವನ್ನು. 200 ಮಿಲಿವೋಲ್ಟ್ ವ್ಯತ್ಯಾಸ ಇದ್ದರೂ ಓದಿಕೊಳ್ಳುತ್ತದೆ. ಆದರೆ ಒಂದು ಷರತ್ತಿದೆ. ಆ ಎರಡೂ ವೈರುಗಳ ವೋಲ್ಟೇಜು ಚಿಪ್ಪಿನ ಸ್ವಂತ ಗ್ರೌಂಡಿನಿಂದ, ಅಂದರೆ ಅದು ಸೊನ್ನೆ ವೋಲ್ಟ್ ಅಂತ ಹಿಡಿಯುವ ಜಾಗದಿಂದ, ಅಳೆದರೆ ಮೈನಸ್ 7ರಿಂದ ಪ್ಲಸ್ 12 ವೋಲ್ಟ್ ಒಳಗೇ ಇರಬೇಕು. ಅದು ದಾಟಿದರೆ ಅಕ್ಷರ ಕೆಡುತ್ತವೆ. ಇನ್ನೂ ದಾಟಿದರೆ ಚಿಪ್ಪೇ ಹೋಗುತ್ತದೆ. ಗೇಟಿನ ಗ್ರೌಂಡು, ಆಫೀಸಿನ ಗ್ರೌಂಡು ಎರಡೂ ಒಂದೇ ಅಂತ ಯಾರು ಹೇಳಿದ್ದು?

"ಎಲ್ಲಾ ಕಡೆ ಅರ್ಥಿಂಗ್ ಮಾಡ್ಸೀವಲ್ರೀ ಸರ, ಭೂಮಿ ಒಂದ ಅಲ್ಲೇನ್ರೀ?" ಅಂತ ಸಾವ್ಕಾರ್ರು ನನ್ನನ್ನೇ ಕೇಳುತ್ತಾರೆ. ಮಾತು ಕೇಳೋಕೆ ಚೆನ್ನಾಗಿದೆ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಎರಡು ಕಡೆ ನೀರಿನ ಮಟ್ಟದ ಗೇಜು 5 ಅಡಿ ತೋರಿಸಿದರೆ ಎರಡೂ ಕಡೆ ನೀರು ಒಂದೇ ಎತ್ತರದಲ್ಲಿದೆ ಅಂತಲ್ಲ ಅಲ್ವಾ? ಒಂದೊಂದು ಗೇಜಿನ ಸೊನ್ನೆ ಒಂದೊಂದು ಕಡೆ.

ಲೆಕ್ಕ ಹಾಕಿಯೇ ನೋಡಿ. ಮಿಲ್ಲಿನ ಅರ್ಥಿಂಗ್ ಗುಂಡಿಯ ರೆಸಿಸ್ಟೆನ್ಸ್ 5 ಓಮ್ ಅಂದುಕೊಳ್ಳಿ. ಹಳೇ ಮೋಟರಿನಿಂದ 2 ಆಂಪಿಯರ್ ಲೀಕೇಜ್ ಆ ಗುಂಡಿಗೆ ಇಳಿಯುತ್ತಿದೆ. ಐದೆರಡ್ಲಿ ಹತ್ತು ವೋಲ್ಟ್. ಅದು ಏಸಿ, ಅಲೆಯ ಹಾಗೆ ಏರಿಳಿಯುತ್ತದೆ, ಹಾಗಾಗಿ ಅಲೆ ತುದಿ ಮುಟ್ಟಿದಾಗ 14 ವೋಲ್ಟ್. ಅಲ್ಲಿಗೆ ಚಿಪ್ಪಿನ ಮಿತಿ ದಾಟಿಯಾಯಿತು. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ರಾಡಿನಿಂದ ದೂರ ಸರಿಯುತ್ತದೆ, ಆಗ ಆ 5 ಓಮ್ ಎಷ್ಟಕ್ಕೆ ಏರುತ್ತದೋ ಆ ಗುಂಡಿಗೇ ಗೊತ್ತು. ಗುಂಡಿಗೆ ನೀರು ಹಾಕಿ ಅಂದರೆ ನಗುತ್ತಾರೆ.

ಒಂದು ಮಿಲ್ಲಿನಲ್ಲಿ ಲ್ಯಾಪ್‌ಟಾಪ್ ಹಚ್ಚಿದರೆ ತೂಕ ಸರಿಯಾಗಿ ಬರುತ್ತಿತ್ತು, ಆಫೀಸಿನ ಕಂಪ್ಯೂಟರಿಗೆ ಹಚ್ಚಿದರೆ ಬರೀ ಕಸದ ಅಕ್ಷರ. ಕಂಪ್ಯೂಟರೇ ಕೆಟ್ಟಿದೆ ಅಂತ ಹೊಸದು ತಂದರು. ಅದೇ ಕಸ. ನಾನು ಲ್ಯಾಪ್‌ಟಾಪ್‌ಗೆ ಮೂರು ಪಿನ್ನಿನ ಚಾರ್ಜರ್ ಸಿಕ್ಕಿಸಿದೆ. ಪರದೆಯ ಮೇಲಿದ್ದ ತೂಕ ಕಣ್ಣೆದುರೇ ಚುಕ್ಕಿ, ಪ್ರಶ್ನಾರ್ಥಕ ಚಿಹ್ನೆ ಆಯಿತು. ಚಾರ್ಜರ್ ಕಿತ್ತೆ, ತೂಕ ಮರಳಿತು. ಬ್ಯಾಟರಿ ಮೇಲಿದ್ದಾಗ ಲ್ಯಾಪ್‌ಟಾಪಿಗೆ ಅರ್ಥಿಂಗ್ ಸಂಬಂಧವೇ ಇಲ್ಲ, ಗೇಟಿನ ಗ್ರೌಂಡು ಹೋದ ಕಡೆ ತಾನೂ ಹೋಗುತ್ತದೆ. ಚಾರ್ಜರ್ ಹಾಕಿದರೆ ಆಫೀಸಿನ ಅರ್ಥಿಂಗ್‌ಗೆ ಕಟ್ಟಿಹಾಕಿದ ಹಾಗಾಯಿತು.

ಇಷ್ಟು ತೋರಿಸಿದ್ದೇ ತಡ, ಪಕ್ಕದಲ್ಲಿದ್ದ ಎಲೆಕ್ಟ್ರಿಷಿಯನ್ ತಮ್ಮನಿಗೆ ಉಪಾಯ ಹೊಳೆಯಿತು. ಕಂಪ್ಯೂಟರಿನ ಪ್ಲಗ್ಗಿನ ಮೂರನೇ ಪಿನ್ನು ಮುರಿದುಬಿಡೋಣ! ಚುರುಕು ಹುಡುಗ. ತೂಕ ಬರಲೂಬಹುದು. ಆದರೆ ದಯವಿಟ್ಟು, ಯಾವ ಕಾರಣಕ್ಕೂ ಹಾಗೆ ಮಾಡಬೇಡಿ. ಒಳಗಿನ ಪವರ್ ಸಪ್ಲೈ ಕೆಟ್ಟ ದಿನ ಡಬ್ಬಿ ಮುಟ್ಟಿದ ಗುಮಾಸ್ತರಿಗೆ ಕರೆಂಟ್ ಹೊಡೆಯುತ್ತದೆ. ಅರ್ಥಿಂಗ್ ಇರೋದು ಜೀವಕ್ಕೆ, ಡೇಟಾಕ್ಕಲ್ಲ.

ಮಾಡಬೇಕಾದ್ದು ಇಷ್ಟೇ. ಆಫೀಸಿನ ಕಡೆ ಐಸೊಲೇಟೆಡ್ ಕನ್ವರ್ಟರ್ ಹಾಕಿ. ರೇಟು ಸ್ವಲ್ಪ ಜಾಸ್ತಿ, ನಿಜ. ಅದರೊಳಗೆ ಲೈನಿನ ಗ್ರೌಂಡು ಬೇರೆ, ಕಂಪ್ಯೂಟರಿನ ಗ್ರೌಂಡು ಬೇರೆ. ಆಮೇಲೆ ಎ, ಬಿ ಜತೆ ಮೂರನೇ ವೈರೊಂದನ್ನು ಎಲ್ಲ ಸಾಧನಗಳ ಕಾಮನ್‌ಗೆ, ಅಂದರೆ ಲೈನಿನ ಗ್ರೌಂಡಿನ ಟರ್ಮಿನಲ್ಲಿಗೆ, ಕೊಡಿ. ಡ್ರೈಯರ್, ಬಾಯ್ಲರ್ ಪ್ಯಾನೆಲ್‌ಗಳ ಒಳಗೆ ಐಸೊಲೇಶನ್ ಇದೆಯಾ ಅಂತ ಮೊದಲು ಮ್ಯಾನ್ಯುಯಲ್ ನೋಡಿ. ಇಲ್ಲದಿದ್ದರೆ ಅಲ್ಲೂ ಒಂದೊಂದು ಐಸೊಲೇಟರ್ ಬೇಕು. ಸುಮ್ನೆ ಮೂರನೇ ವೈರು ಎಳೆದುಬಿಟ್ಟರೆ ಅದರಲ್ಲೇ ಲೀಕೇಜ್ ಹರಿಯುತ್ತದೆ. ಕೇಬಲ್ಲಿನ ಶೀಲ್ಡನ್ನು, ಅಂದರೆ ವೈರುಗಳ ಸುತ್ತ ಇರುವ ಲೋಹದ ಹೊದಿಕೆಯನ್ನು, ಒಂದೇ ತುದಿಯಲ್ಲಿ ಅರ್ಥಿಂಗ್‌ಗೆ ಕಟ್ಟಿ. ಇಷ್ಟು ಮಾಡಿದರೂ ಸಿಡಿಲಿಗೆ ನಾನು ಗ್ಯಾರಂಟಿ ಕೊಡಲಾರೆ. ಗೇಟು ತುಂಬಾ ದೂರ ಇದ್ದರೆ ಫೈಬರ್ ಎಳೆಯೋದೇ ಮೇಲು.

"ಮತ್ತ ಹೊಸಾ ಕೇಬಲ್ ತೋಡ್ಬೇಕೇನ್ರೀ?" ಅಂತ ಗಾಬರಿಯಾಗಬೇಡಿ. ಹೂತಿರುವ ಕೇಬಲ್ಲಿನ ತುದಿ ಬಿಚ್ಚಿ ನೋಡಿ. ಎಷ್ಟೋ ಕಡೆ ಎರಡು ಜೋಡಿ ವೈರು ಇರುತ್ತವೆ, ಒಂದು ಜೋಡಿಯನ್ನು ಟೇಪ್ ಸುತ್ತಿ ಹಿಂದಕ್ಕೆ ಮಡಚಿಟ್ಟಿರುತ್ತಾರೆ. ಕಾಮನ್‌ಗೆ ಅದೇ ಸಾಕು.