ಫ್ಲಾಟಿನ ವಿವರ ಬರೆಯುವಾಗ ಯಾವುದು ಮೊದಲು ಬರಬೇಕು?

ಆಸ್ತಿ ವ್ಯವಹಾರಕ್ಕೆ ಹೊಸದಾಗಿ ಇಳಿದು, ನನ್ನ ಹಾಗೆ ರೇರಾ ಕಾಯ್ದೆ (ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ಕಾನೂನು) ಓದುತ್ತಿರುವವರಿಗಾಗಿ ಈ ಟಿಪ್ಪಣಿ.

ಫ್ಲಾಟಿನ ವಿವರ ಬರೆಯಲು ಕೂತರೆ ಈಜುಕೊಳ, ಕ್ಲಬ್‌ಹೌಸ್, ಮೆಟ್ರೋಗೆ ಹತ್ತೇ ನಿಮಿಷ ಅಂತ ಶುರು ಮಾಡಿಬಿಡುತ್ತೇವೆ. ಕೊಳ್ಳುವವರು ಮನೆಯಲ್ಲಿ ಕೂತು ಮಾತಾಡಿಕೊಳ್ಳುವುದೇ ಬೇರೆ. ಒಳಗೆ ಎಷ್ಟು ಜಾಗ ಸಿಗುತ್ತೆ? ಎಲ್ಲಾ ಸೇರಿ ಎಷ್ಟಾಗುತ್ತೆ? ಕಾಗದಪತ್ರ ಸರಿ ಇದೆಯಾ? ನಮ್ಮ ಬರಹವೂ ಇದೇ ಕ್ರಮದಲ್ಲಿ ಸಾಗಬೇಕು. ಈಜುಕೊಳ ಕೊನೆಗೆ ಬಂದರೆ ಸಾಕು.

ಅಳತೆಯ ವಿಷಯ ಸ್ವಲ್ಪ ಕಷ್ಟ, ನಿಧಾನವಾಗಿ ಓದಿ. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಎಂದರೇನು ಅಂತ ಸ್ಪಷ್ಟವಾಗಿ ಹೇಳುತ್ತದೆ. ಮನೆಯೊಳಗೆ ಬಳಸಲು ಸಿಗುವ ನೆಲ ಅದು. ಕೋಣೆಗಳ ನಡುವಿನ ಗೋಡೆ ಲೆಕ್ಕಕ್ಕೆ ಸೇರುತ್ತದೆ. ಹೊರಗೋಡೆ, ಪೈಪು ಹೋಗುವ ಶಾಫ್ಟ್, ಬಾಲ್ಕನಿ, ತೆರೆದ ಟೆರೇಸ್ ಸೇರುವುದಿಲ್ಲ. ಸೂಪರ್ ಬಿಲ್ಟ್‌ಅಪ್ ಅಂದರೆ ಇದರ ಮೇಲೆ ಹೊರಗೋಡೆ, ಬಾಲ್ಕನಿ, ಜೊತೆಗೆ ಲಿಫ್ಟು, ಮೆಟ್ಟಿಲು, ಕಾರಿಡಾರಿನ ಪಾಲನ್ನೂ ಕೂಡಿಸಿದ ಸಂಖ್ಯೆ.

ಒಂದು ಲೆಕ್ಕ ಹಾಕೋಣ. ಸೂಪರ್ ಬಿಲ್ಟ್‌ಅಪ್ 1,200 ಚದರಡಿ, ಬೆಲೆ 72 ಲಕ್ಷ. ಚದರಡಿಗೆ 6,000 ರೂಪಾಯಿ ಆಯಿತು. ಕಾರ್ಪೆಟ್ ಏರಿಯಾ 840 ಚದರಡಿ ಇದ್ದರೆ, ಅದೇ ಮನೆಗೆ ಚದರಡಿಗೆ ಸುಮಾರು 8,571 ರೂಪಾಯಿ! ನಮ್ಮ ಚಿಕ್ಕಮ್ಮ ಫ್ಲಾಟು ಕೊಂಡಾಗ ಈ ವ್ಯತ್ಯಾಸ ಯಾರೂ ಹೇಳಿರಲಿಲ್ಲ. ಮಂಚ ಇಟ್ಟ ಮೇಲೆ ಬೀರುವಿಗೆ ಜಾಗ ಸಾಲಲಿಲ್ಲ. ಅದಕ್ಕೇ ನಾನು ಕಾರ್ಪೆಟ್ ಅಳತೆಯನ್ನು ಮೊದಲ ಸಾಲಿನಲ್ಲೇ ಬರೆಯುತ್ತೇನೆ. ದಾಖಲೆಯಲ್ಲಿ ಚದರ ಮೀಟರ್ ಇದ್ದರೆ 10.764ರಿಂದ ಗುಣಿಸಿ, ಎರಡನ್ನೂ ಕೊಡಿ.

ಇನ್ನು ರೇರಾ ಸಂಖ್ಯೆ. ನೋಂದಣಿ ಬೇಕಾದ ಪ್ರಾಜೆಕ್ಟನ್ನು ನೋಂದಣಿಗೆ ಮೊದಲು ಜಾಹೀರಾತು ಮಾಡುವಂತಿಲ್ಲ ಎನ್ನುತ್ತದೆ 3ನೇ ಸೆಕ್ಷನ್. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು 8ಕ್ಕಿಂತ ಜಾಸ್ತಿ ಇಲ್ಲದಿದ್ದರೆ ವಿನಾಯಿತಿ ಇದೆ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆಯೂ ರೇರಾ ಪ್ರಾಧಿಕಾರದ ವೆಬ್‌ಸೈಟ್ ವಿಳಾಸವೂ ಎದ್ದು ಕಾಣಬೇಕು. ಹೊಸಬರು ಎಡವುವುದು ಇಲ್ಲೇ. ಕರ್ನಾಟಕದಲ್ಲಿ ಪ್ರಾಜೆಕ್ಟಿನ ಸಂಖ್ಯೆ, ಏಜೆಂಟರ ಸಂಖ್ಯೆ ಎರಡೂ 'ಪಿಆರ್‌ಎಂ/ಕೆಎ/ರೇರಾ' ಅಂತಲೇ ಶುರುವಾಗುತ್ತವೆ. ನಡುವೆ 'ಪಿಆರ್' ಇದ್ದರೆ ಪ್ರಾಜೆಕ್ಟಿನದು, 'ಎಜಿ' ಇದ್ದರೆ ಏಜೆಂಟರದು. ಏಜೆಂಟ್ ಸಂಖ್ಯೆಯೊಂದನ್ನೇ ಹಾಕಿ ಸುಮ್ಮನಾದರೆ ಪ್ರಾಜೆಕ್ಟಿನ ಬಗ್ಗೆ ಏನೂ ಹೇಳಿದ ಹಾಗಾಗಲಿಲ್ಲ, ಅಲ್ವಾ?

ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದ್ದು ಜಾಹೀರಾತಲ್ಲ ಅಂದುಕೊಳ್ಳಬೇಡಿ. ಯಾವ ಮಾಧ್ಯಮದಲ್ಲಿ, ಯಾವ ರೂಪದಲ್ಲಿ ಪ್ರಚಾರ ಮಾಡಿದರೂ ಕಾಯ್ದೆಯ ಪ್ರಕಾರ ಅದು ಜಾಹೀರಾತೇ. ಅದರಲ್ಲಿನ ಸುಳ್ಳು ಮಾಹಿತಿ ನಂಬಿ ಮುಂಗಡ ಕೊಟ್ಟವರಿಗೆ ನಷ್ಟವಾದರೆ 12ನೇ ಸೆಕ್ಷನ್ ಅಡಿ ಬಿಲ್ಡರ್ ಪರಿಹಾರ ಕೊಡಬೇಕು. ತಪ್ಪು ಹೇಳಿಕೆ ಕೊಟ್ಟ ಏಜೆಂಟರಿಗೂ ಕಾಯ್ದೆಯಲ್ಲಿ ದಂಡವಿದೆ.

ಬೆಲೆ ಬರೆಯುವಾಗ ಪಾರ್ಕಿಂಗ್, ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಸೇರಿದೆಯೋ ಇಲ್ಲವೋ ಹೇಳಿ. ಒಪ್ಪಂದ ನೋಂದಣಿ ಆಗುವ ಮುಂಚೆ ಬೆಲೆಯ ಶೇ. 10ಕ್ಕಿಂತ ಜಾಸ್ತಿ ಮುಂಗಡ ತೆಗೆದುಕೊಳ್ಳುವಂತಿಲ್ಲ ಎಂಬುದನ್ನೂ ಅಲ್ಲೇ ಸೇರಿಸಿ. ಎಷ್ಟೋ ಜನರಿಗೆ ಇದು ಗೊತ್ತಿರುವುದಿಲ್ಲ.

ಸೈಟಾದರೆ 'ಮೂವತ್ತು ನಲವತ್ತು' ಅಂದಷ್ಟಕ್ಕೇ ನಿಲ್ಲಬೇಡಿ. ಕ್ರಯಪತ್ರದಲ್ಲಿರುವ ಅಳತೆ, ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ನೋಡಿ ಬರೆಯಿರಿ. ಹಳ್ಳಿ ಕಡೆಯವರು ಗುಂಟೆಯಲ್ಲಿ ಕೇಳುತ್ತಾರೆ. ಒಂದು ಗುಂಟೆಗೆ 1,089 ಚದರಡಿ, 40 ಗುಂಟೆಗೆ ಒಂದು ಎಕರೆ. 'ಖಾತೆ ಇದೆ' ಎನ್ನುವುದನ್ನು ಮಾಲೀಕತ್ವದ ಪುರಾವೆ ಎಂಬಂತೆ ಬರೆಯಬೇಡಿ. ಖಾತೆ ತೆರಿಗೆ ಕಟ್ಟುವುದಕ್ಕೆ ಇರುವ ದಾಖಲೆ.

'ಇ.ಸಿ. ಕ್ಲಿಯರ್' ಎಂಬ ಮಾತನ್ನಂತೂ ನಾನು ಬಿಟ್ಟೇಬಿಟ್ಟಿದ್ದೇನೆ. ಇ.ಸಿ. ಅಂದರೆ ಋಣಭಾರ ಪತ್ರ. ಅದು ಹೇಳುವುದು ನಾವು ಕೇಳಿದ ಅವಧಿಯ ವ್ಯವಹಾರಗಳನ್ನು ಮಾತ್ರ. ನಮೂನೆ 15 ಬಂದರೆ ನೋಂದಣಿಯಾದ ವ್ಯವಹಾರಗಳ ಪಟ್ಟಿ ಇರುತ್ತದೆ, ನಮೂನೆ 16 ಬಂದರೆ ಆ ಅವಧಿಯಲ್ಲಿ ಯಾವುದೂ ಇಲ್ಲ ಎಂದರ್ಥ. ಹಾಗಾಗಿ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ತೆಗೆಸಿದ್ದು, ಯಾವ ನಮೂನೆ ಬಂತು, ಇಷ್ಟನ್ನು ಬರೆಯುತ್ತೇನೆ.